ಅಬ್ಬಾರ ಕಲ್ಲಿನ ಒಕ್ಕಣೆ

ನ್ಯಾಮತಿ
6 ನವೆಂಬರ್ 2025, ಗುರುವಾರ

ಪ್ರೀತಿಯ ಸುಮೇರಾ ಆಪಾಗೆ,

ನಿನ್ನ ತಂಗಿ ಮೆಹರಾಜಳ ಸಲಾಂ. ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿ ನಾನು ಸಿಟ್ಟಿನಲ್ಲಿದ್ದೇನೆ. ಅಲ್ಲಿ ನೀನೂ ಹಾಗೇ ಇದ್ದೀಯ ಎಂದು ನಂಬಿದ್ದೇನೆ.

ದಸರಾ ರಜೆ ಮುಗಿದಾಗಿನಿಂದ ಫೋನ್ ಮಾಡಿ ಮಾಡಿ ಸಾಕಾಯಿತು. ಮೆಸೇಜು ಹಾಕಿದರೆ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಭಾವನಿಗೆ ಮಾಡಿದರೆ ಅವರು ಹೊಲಿಗೆ ಮಿಷನ್ನಿನ ಸದ್ದಿನ ನಡುವೆಯೇ, ನಿಮ್ಮಕ್ಕ ಬೇಜಾರಲ್ಲಿದ್ದಾಳಮ್ಮ, ಸ್ವಲ್ಪ ದಿನ ಬಿಡು ಎನ್ನುತ್ತಾರೆ. ನಾನೇನೋ ಬಿಟ್ಟೇನು, ಚನ್ನಗಿರಿಯ ಕಲ್ಲು ಕೆತ್ತುವವನು ಬಿಡಬೇಕಲ್ಲ! ಅದಕ್ಕೇ ಕಾಗದ ಹಿಡಿದು ಕೂತೆ. ಬಜ್ಜಿ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದುವವಳು ನೀನು, ಇದನ್ನು ಓದದೆ ಇರಲಾರೆ. ನಾವು ಮೂವರು ಒಡಹುಟ್ಟಿದವರು ಜಗಳವಾಡುವುದು ಮನೆಯ ಉರ್ದುವಿನಲ್ಲಿ. ಕಾಗದ ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವಳು ನೀನು. ತಪ್ಪಿದ್ದರೆ ಕೆಂಪು ಪೆನ್ನು ತಗೋ.

ಮೊದಲು ನನ್ನ ಗೋಳು ಕೇಳು. ಕೆರೆಬಿಳಚಿಯಲ್ಲಿ ಅಬ್ಬಾ ಕಟ್ಟಿಸಿದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೊಸ ಹಾಲ್ ಆಯಿತು, ಅದಕ್ಕೆ ಅವರ ಹೆಸರಿಡುತ್ತಾರೆ, ಬಾಗಿಲ ಪಕ್ಕ ಕಪ್ಪು ಕಲ್ಲು ಕೂರಿಸುತ್ತಾರೆ. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ಕಮಿಟಿಯವರು ಕಲ್ಲಿನ ಮೇಲೆ ಬರೆಸಲು ಒಂದು ಒಕ್ಕಣೆ ಮಾಡಿ ನಮ್ಮ ತಮ್ಮ ಖಲೀಲನ ಕೈಗೆ ಕೊಟ್ಟರು. ಸ್ತ್ರೀ ಶಿಕ್ಷಣದ ಹರಿಕಾರರು, ತ್ಯಾಗಮೂರ್ತಿಗಳು, ಮರ್ಹೂಮ್ ಜನಾಬ್ ಶೌಕತ್ ಅಲಿ ಸಾಹೇಬರು. ಆ ಪೆದ್ದ ಅದನ್ನು ಹೆಮ್ಮೆಯಿಂದ ಫೋನಿನಲ್ಲಿ ನಿನಗೆ ಓದಿ ಹೇಳಿದ. ನೀನು ಒಂದೇ ಮಾತು ಹೇಳಿ ಇಟ್ಟುಬಿಟ್ಟೆಯಂತೆ: "ಆ ತ್ಯಾಗ ನಂದು ಕಣೋ. ನನ್ನ ಕೇಳಿ ಕೆತ್ತಿಸು."

ಅಷ್ಟೇ. ಅವತ್ತಿನಿಂದ ಅವನು ದಿನಾ ನನಗೆ ಫೋನ್ ಮಾಡಿ ಕೂಗಾಡುತ್ತಾನೆ. ಸತ್ತವರ ಮೇಲೆ ಆಪಾಗೆ ಇನ್ನೂ ಎಷ್ಟು ವರ್ಷ ಹಗೆ ಎನ್ನುತ್ತಾನೆ. ನೀನೋ, ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಕೊನೆಗೆ ಅವನು, ನೀನು ಹಿಸ್ಟರಿ ಓದಿದವಳು, ಮಕ್ಕಳಿಗೆ ಪಾಠ ಹೇಳುವವಳು, ಒಕ್ಕಣೆ ನೀನೇ ಬರೆದುಕೊಡು, ಭಾನುವಾರದೊಳಗೆ ಬೇಕು ಎಂದ. ನನಗೆ ಎಷ್ಟು ಉರಿಯಿತು ಗೊತ್ತೇ? ಹಿಸ್ಟರಿ ಓದಿದವರೇನು ಪರಲೋಕದ ಲೆಕ್ಕ ಬರೆಯುವವರೇ?

ಇದೇ ತಲೆಬಿಸಿಯಲ್ಲಿದ್ದಾಗ ಹೊನ್ನಾಳಿಯ ಒಂದು ಕಾಲೇಜಿನಿಂದ ಕರೆ ಬಂತು. ಅಂತರ ಕಾಲೇಜು ಅಣಕು ನ್ಯಾಯಾಲಯ, ನೀವೇ ತೀರ್ಪುಗಾರರು ಮೇಡಂ ಎಂದರು. ಆರೋಪಿ ಯಾರು ಅಂದುಕೊಂಡೆ? ಥಾಮಸ್ ಜೆಫರ್ಸನ್. ಅಮೆರಿಕದ ಸ್ವಾತಂತ್ರ್ಯದ ಘೋಷಣೆ ಬರೆದವನು. ನಿನಗೆ ನೆನಪಿರಬೇಕು. ನೀನು ಬಾಣಂತನಕ್ಕೆ ಕೆರೆಬಿಳಚಿಗೆ ಬಂದಿದ್ದಾಗ ನನ್ನ ಪಿಯುಸಿ ಇತಿಹಾಸದ ಪುಸ್ತಕವನ್ನು ನನಗಿಂತ ಮೊದಲು ಓದಿ ಮುಗಿಸಿದ್ದೆ, ಆಯಿಷಾಳನ್ನು ತೊಡೆ ಮೇಲೆ ಹಾಕಿಕೊಂಡು. ಅವನಿದ್ದ ಪುಟ ತೆರೆದು, ಎಲ್ಲಾ ಮನುಷ್ಯರೂ ಸಮಾನರು ಅಂತ ಬರೆದನಲ್ಲ, ಬರೆಯುವಾಗ ಇವನಿಗೆ ಊಟ ಬಡಿಸಿದವರು ಯಾರು, ಅದನ್ನೇ ಈ ಪುಸ್ತಕದಲ್ಲಿ ಬರೆದಿಲ್ಲವಲ್ಲೇ ಎಂದಿದ್ದೆ. ನಾನು ನಕ್ಕುಬಿಟ್ಟಿದ್ದೆ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಅದು ಅಂದಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ ಆಮೇಲೆ ಎಂ.ಎ. ಓದುವಾಗ ಸಿಕ್ಕಿತು ಆಪಾ. ಬಡಿಸಿದವರು ಗುಲಾಮರು. ಅವನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಅವನ ಸ್ವತ್ತಾಗಿದ್ದರು. ಸ್ವತ್ತು ಎಂದರೆ ನಮ್ಮ ಮನೆಯ ಮಂಚ, ಕಪಾಟು ಇದ್ದ ಹಾಗೆ.

ಹೋದ ಮಂಗಳವಾರ ಹೊನ್ನಾಳಿಗೆ ಹೋದೆ. ಆರೋಪ ಹೊರಿಸುವ ವಕೀಲೆ ನನ್ನದೇ ಕಾಲೇಜಿನ ಪೂಜಾ. ನ್ಯಾಮತಿಯ ಹುಡುಗಿ, ಬಿ.ಎ. ಕೊನೆಯ ವರ್ಷ, ಬೆಳಿಗ್ಗೆ ಅಪ್ಪನ ಗೊಬ್ಬರದಂಗಡಿಯ ಬಾಗಿಲು ತೆಗೆದು ಆಮೇಲೆ ಕ್ಲಾಸಿಗೆ ಬರುವವಳು. ಪರವಾಗಿ ವಾದಿಸಲು ನಿಮ್ಮ ಜಗಳೂರಿನ ಹುಡುಗ, ವಿನಯ್ ಕುಮಾರ್ ಅಂತ. ನಾನು ಹಳೆಯ ಕತೆ ಬಾಯಿಪಾಠ ಒಪ್ಪಿಸುತ್ತಾರೆ ಅಂದುಕೊಂಡಿದ್ದೆ. ಇಬ್ಬರೂ ನನ್ನ ಬೆವರಿಳಿಸಿದರು.

ವಿನಯ್ ಕುಮಾರ್ ಸುಮ್ಮನೆ ಹೊಗಳಲಿಲ್ಲ. ಅವನು ಹೇಳಿದ್ದು ಹೀಗೆ: ಆ ಘೋಷಣೆಯ ಮೊದಲ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಬೈದು ಜೆಫರ್ಸನ್ ಒಂದು ಭಾಗ ಬರೆದಿದ್ದ, ಉಳಿದವರು ಸೇರಿ ಹೊಡೆದುಹಾಕಿದರು. ಅಧ್ಯಕ್ಷನಾದಾಗ ಹೊರದೇಶದಿಂದ ಗುಲಾಮರನ್ನು ತರುವುದನ್ನು ನಿಲ್ಲಿಸುವ ಕಾನೂನಿಗೆ ಸಹಿ ಹಾಕಿದ. ಧರ್ಮದ ವಿಷಯದಲ್ಲಿ ಯಾರ ಮೇಲೂ ಬಲವಂತ ಕೂಡದೆಂದು ಕಾನೂನು ಬರೆದ, ಅದರ ಆಸರೆ ಮುಸಲ್ಮಾನರಿಗೂ ಹಿಂದೂಗಳಿಗೂ ಉಂಟೆಂದು ಹೇಳಿಕೊಂಡ. ಇಷ್ಟೂ ನಿಜ. ಆಮೇಲೆ ಆ ಹುಡುಗ ಒಂದು ಮಾತು ಹೇಳಿದ, ನನಗೆ ಈಗಲೂ ಕಿವಿಯಲ್ಲಿದೆ. ಸಮಾನರು ಎಂಬ ಆ ಒಂದು ಸಾಲನ್ನು ಅವನು ಬರೆಯದೇ ಇದ್ದಿದ್ದರೆ, ಮುಂದೆ ಗುಲಾಮಗಿರಿಯ ವಿರುದ್ಧ ನಿಂತವರು ಯಾವ ಸಾಲನ್ನು ತೋರಿಸಿ ಆ ದೇಶವನ್ನು ನಿಲ್ಲಿಸಿ ಕೇಳುತ್ತಿದ್ದರು ಎಂದ. ಸಭೆಯೆಲ್ಲ ಚಪ್ಪಾಳೆ.

ಪೂಜಾ ಎದ್ದಳು. ಅವನ ಹೆಂಡತಿ ತೀರಿಕೊಂಡ ಮೇಲೆ ಆ ಹೆಂಡತಿಯ ತಂದೆಗೇ ಹುಟ್ಟಿದ, ಗುಲಾಮಳಾಗಿ ಮನೆಯಲ್ಲಿದ್ದ ಸ್ಯಾಲಿ ಹೆಮಿಂಗ್ಸ್ ಎಂಬ ಹುಡುಗಿಯಲ್ಲಿ ಅವನಿಗೆ ಮಕ್ಕಳಾದವು ಎಂದು ಈಗ ಬಹಳ ಇತಿಹಾಸಕಾರರು ಒಪ್ಪುತ್ತಾರೆ ಎಂದಳು. ಅವನು ಸತ್ತ ಮೇಲೆ ನೂರಕ್ಕೂ ಹೆಚ್ಚು ಮಂದಿಯನ್ನು, ತಾಯಿ ಒಂದು ಕಡೆ ಮಕ್ಕಳು ಒಂದು ಕಡೆ, ಹರಾಜು ಹಾಕಿದರು ಎಂದಳು. ವಿನಯ್ ಎದ್ದು, ಆ ಕಾಲವೇ ಹಾಗಿತ್ತು, ಇಂದಿನ ಕಣ್ಣಿನಿಂದ ಅಂದಿನವರನ್ನು ನೋಡುವುದು ನ್ಯಾಯವಲ್ಲ ಎಂದ. ಪೂಜಾ ಅದಕ್ಕೆ ಕಾದಿದ್ದಳೇನೋ. ಅದೇ ವರ್ಜೀನಿಯಾದಲ್ಲಿ, ಅದೇ ಕಾಲದಲ್ಲಿ ರಾಬರ್ಟ್ ಕಾರ್ಟರ್ ಎಂಬ ಜಮೀನುದಾರ ತನ್ನ ಐನೂರರ ಹತ್ತಿರ ಗುಲಾಮರ ಬಿಡುಗಡೆಗೆ ಬರೆದುಕೊಟ್ಟ, ಅವನದ್ದು ಯಾವ ಕಾಲ ಎಂದು ಕೇಳಿದಳು. ಇಂದಿನ ಕಣ್ಣು ಬೇಡ, ಅಂದಿನ ಕಣ್ಣಿನಿಂದಲೇ ನೋಡೋಣ, ಅಂದೂ ಕಣ್ಣಿದ್ದವರು ಇದ್ದರಲ್ಲ ಎಂದಳು.

ಆಪಾ, ಅಲ್ಲಿ ವೇದಿಕೆಯ ಮೇಲೆ ಕೂತಿದ್ದ ನನಗೆ ಯಾರು ಕಣ್ಣ ಮುಂದೆ ಬಂದರು ಹೇಳು. ನಮ್ಮ ಹಿಂದಿನ ಬೀದಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ಮುಬಾರಕ್ ಚಾಚಾ. ನಿನ್ನ ಎಸ್ಸೆಸ್ಸೆಲ್ಸಿ ಆದ ವರ್ಷವೇ ಅವರು ಮಗಳನ್ನು ಚನ್ನಗಿರಿ ಕಾಲೇಜಿಗೆ ಬಸ್ಸಿನಲ್ಲಿ ಕಳಿಸಿದರು. ಜನ ಆಡಿಕೊಂಡರು, ಚಾಚಾ ಹತ್ತಿ ಬಡಿಯುತ್ತಾ ಕೂತರು, ಅಷ್ಟೇ. ನೀನು ನಮ್ಮ ಶಾಲೆಯ ಮೊದಲ ತಂಡದಲ್ಲಿ ಮೊದಲನೆಯವಳು, ತಾಲ್ಲೂಕಿಗೂ ಮೊದಲನೆಯವಳು. ಶೌಕತ್ ಅಲಿ ಸಾಹೇಬರ ಮಗಳು ಬಸ್ಸು ಹತ್ತಿ, ಯಾರಾದರೂ ಒಂದು ಮಾತು ಆಡಿದರೆ, ಆಮೇಲೆ ನಮ್ಮ ಶಾಲೆಗೆ ಯಾವ ತಂದೆ ಮಗಳನ್ನು ಕಳಿಸುತ್ತಾನೆ ಎಂದರು ಅಬ್ಬಾ. ಶಾಲೆ ಉಳಿಯಲಿ ಅಂತ ನಿನ್ನನ್ನು ಮನೆಯಲ್ಲಿ ಕೂರಿಸಿದರು. ಆ ವರ್ಷವೇ ಜಗಳೂರಿಗೆ ನಿಕಾಹ್ ಮಾಡಿ ಕಳಿಸಿದರು. ನಾನು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಬಸ್ಸಿನ ತುಂಬ ನಮ್ಮೂರಿನ ಹುಡುಗಿಯರೇ ಇದ್ದರು. ಆಡಿಕೊಳ್ಳುವವರಿಗೆ ಬೇರೆ ವಿಷಯ ಸಿಕ್ಕಿತ್ತು. ನನ್ನನ್ನು ಅಬ್ಬಾರೇ ಬಸ್ ಹತ್ತಿಸಿದರು, ಕಿಟಕಿಯಿಂದ ಬಾಳೆಹಣ್ಣು ಕೊಟ್ಟರು.

ಇದನ್ನೆಲ್ಲ ಯೋಚಿಸುತ್ತಾ ಕೂತವಳು ತೀರ್ಪು ಏನು ಕೊಟ್ಟೆ ಕೇಳು. ಬೆಳಕೂ ಇತ್ತು, ಕತ್ತಲೂ ಇತ್ತು. ದೊಡ್ಡ ಮನುಷ್ಯರನ್ನು ಸಮಚಿತ್ತದಿಂದ ನೋಡಬೇಕು. ಗುಣವನ್ನು ಗೌರವಿಸೋಣ, ದೋಷವನ್ನು ಅವರ ಕಾಲಕ್ಕೆ ಬಿಟ್ಟುಬಿಡೋಣ. ಇಬ್ಬರಿಗೂ ಸಮ ಬಹುಮಾನ. ಆತಿಥೇಯ ಕಾಲೇಜಿನ ಪ್ರಸನ್ನಕುಮಾರ್ ಸರ್ ಮೈಕ್ ಹಿಡಿದು, ಮೇಡಂ ಅವರ ಮಾತು ತಕ್ಕಡಿ ಹಿಡಿದ ಹಾಗಿತ್ತು ಎಂದು ಹೊಗಳಿದರು. ಶಾಲು, ಹಣ್ಣಿನ ಬುಟ್ಟಿ ಕೊಟ್ಟರು. ನಾನೂ ಸರಿಯಾಗೇ ಹೇಳಿದೆ ಅಂದುಕೊಂಡೆ. ಖಲೀಲನಿಗೆ ಬರೆದುಕೊಡುವ ಒಕ್ಕಣೆಯೂ ಇದೇ ಧಾಟಿಯಲ್ಲಿ ಮನಸ್ಸಿನಲ್ಲೇ ಸಿದ್ಧವಾಗಿಬಿಟ್ಟಿತ್ತು. ಯಾರಿಗೂ ನೋವಾಗದ ಹಾಗೆ ನಾಲ್ಕು ಸಾಲು.

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಪೂಜಾ ಹತ್ತಿರ ಬಂದಳು. ಬಹುಮಾನ ಹಂಚಿಕೊಳ್ಳಬೇಕಾಯಿತೆಂದು ಬೇಜಾರಿರಬೇಕು, ಸಮಾಧಾನ ಹೇಳೋಣ ಎಂದು ನಾನು ಬುಟ್ಟಿಯಿಂದ ಒಂದು ಸೇಬು ತೆಗೆದುಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

"ಮೇಡಂ, ನೀವು ಅವನ್ನ ಕ್ಷಮಿಸಿಬಿಟ್ಟಂಗೆ ಮಾತಾಡಿದ್ರಿ. ನಿಮಗೆ ಅವನು ಏನ್ ಮಾಡಿದ್ದ ರೀ, ಕ್ಷಮಿಸಾಕೆ? ಯಾರಿಗೆ ಮಾಡಿದ್ನೋ ಅವ್ರನ್ನ ಯಾರಾದ್ರೂ ಕೇಳಿದ್ರಾ?"

ನನಗೆ ಎಂಥ ಕೋಪ ಬಂತೆಂದರೆ! ತೀರ್ಪುಗಾರರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುವುದೇ? ಇತಿಹಾಸವನ್ನು ಅಷ್ಟು ಸಿಟ್ಟಿನಲ್ಲಿ ಓದಬಾರದಮ್ಮ ಎಂದು ಬುದ್ಧಿ ಹೇಳಿದೆ. ಅವಳು ತಲೆ ಆಡಿಸಿ ಹಿಂದಿನ ಸೀಟಿಗೆ ಹೋಗಿ ಕೂತಳು. ನಾನು ಮುಂದೆ ಕೂತು ನ್ಯಾಮತಿಯ ತನಕ ಅವಳನ್ನು ಮನಸ್ಸಿನಲ್ಲೇ ಬೈದೆ. ಇವಳಿಗೇನು ಗೊತ್ತು, ಎರಡೂ ಕಡೆಯವರ ನಡುವೆ ನಿಲ್ಲುವುದು ಎಷ್ಟು ಕಷ್ಟ ಅಂತ. ಮನೆಗೆ ಬಂದು ಶಾಲನ್ನು ಕುರ್ಚಿಯ ಮೇಲೆ ಎಸೆದು, ಅನ್ನಕ್ಕಿಟ್ಟು, ಕುಕ್ಕರ್ ಕೂಗುವುದನ್ನೂ ಕೇಳದೆ ನಿಂತುಬಿಟ್ಟೆ. ಅಬ್ಬಾರನ್ನು ಮಣ್ಣಿಗೆ ಒಯ್ದ ದಿನ, ಅವರ ಜನಾಜಾ ನೆನಪಾಯಿತು.

ನಿನಗೆ ಹೇಳಬೇಕಾಗಿಲ್ಲ, ನೀನೂ ಅಲ್ಲೇ ಇದ್ದೆ. ಜನ ಅಷ್ಟು ಸೇರಿದ್ದರು, ಮಸೀದಿ ಸಾಲದೆ ನಮಾಜನ್ನು ಶಾಲೆಯ ಮೈದಾನದಲ್ಲೇ ಇಟ್ಟುಕೊಂಡರು. ನಮ್ಮ ಮನೆಯ ಹಿಂಗೋಡೆಗೂ ಮೈದಾನಕ್ಕೂ ನಡುವೆ ಇರುವುದು ಒಂದು ಸೀಬೆ ಗಿಡ. ಗಂಡಸರು ಸಾಲಾಗಿ ನಿಂತರು. ನಮಾಜಿಗೆ ಮುಂಚೆ, ನಮ್ಮಲ್ಲಿ ಯಾವಾಗಲೂ ಮಾಡುವ ಹಾಗೆ, ಮಗ ಮುಂದೆ ಬಂದು ನಿಂತು ಕೇಳಿದ. ನನ್ನ ತಂದೆಯಿಂದ ನಿಮ್ಮಲ್ಲಿ ಯಾರ ಮನಸ್ಸಿಗಾದರೂ ನೋವಾಗಿದ್ದರೆ, ಯಾರಿಗಾದರೂ ಅನ್ಯಾಯವಾಗಿದ್ದರೆ, ಅಲ್ಲಾಹನಿಗಾಗಿ ಮಾಫ್ ಮಾಡಿ ಎಂದ. ಇಡೀ ಮೈದಾನ ಒಂದೇ ದನಿಯಲ್ಲಿ, ಮಾಫ್ ಕಿಯಾ, ಮಾಫ್ ಕಿಯಾ ಎಂದಿತು. ಕೆರೆಬಿಳಚಿಯವರು, ಚನ್ನಗಿರಿಯ ಅಂಗಡಿಯವರು ಎಲ್ಲ ಎಂದರು, ಸಾಲಿನ ಹೊರಗೆ ನಿಂತಿದ್ದ ಶಾಲೆಯ ಬೆನಕಪ್ಪ ಮೇಷ್ಟ್ರೂ ಕೈ ಮುಗಿದರು. ಅವರಲ್ಲಿ ಒಬ್ಬರಿಗಾದರೂ ಅಬ್ಬಾ ಏನು ಅನ್ಯಾಯ ಮಾಡಿದ್ದರು ಹೇಳು? ಎಲ್ಲರ ಹೆಣ್ಣುಮಕ್ಕಳನ್ನೂ ಓದಿಸಿದವರು ಅವರು.

ನೀನು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದೆ, ಸರಳು ಹಿಡಿದುಕೊಂಡು. ನಾನು ನಿನ್ನ ಪಕ್ಕದಲ್ಲಿದ್ದೆ. ಕೇಳಿದ್ದೂ ನಿನಗೆ ಕೇಳಿಸಿತು, ಮಾಫ್ ಎಂದದ್ದೂ ಕೇಳಿಸಿತು. ನೀನು ತುಟಿ ಬಿಚ್ಚಲಿಲ್ಲ. ನಾನು ಅದನ್ನು ಅಳು ಅಂದುಕೊಂಡೆ. ಒಳಗಿನವರನ್ನು ಯಾರೂ ಕೇಳಲೇ ಇಲ್ಲವಲ್ಲ ಎಂಬುದು ನನಗೆ ಹೊಳೆದದ್ದು ಪೂಜಾಳ ಬಾಯಿಂದ, ಎಲ್ಲೋ ಅಮೆರಿಕದ, ಇನ್ನೂರು ವರ್ಷದ ಹಿಂದೆ ಸತ್ತವನ ದೆಸೆಯಿಂದ. ಇದಕ್ಕೆ ನಗಬೇಕೋ ಅಳಬೇಕೋ ನನಗೆ ತಿಳಿಯದು.

ಈ ಮಾತನ್ನು ನಿನ್ನೆ ಖಲೀಲನಿಗೆ ಫೋನಿನಲ್ಲಿ ಹೇಳಿದೆ. ಕೇಳಬೇಕಾಗಿದ್ದವಳು ಗೋಡೆಯಾಚೆ ಇದ್ದಳು, ನೀನು ಮೈದಾನದವರನ್ನು ಕೇಳಿ ಮುಗಿಸಿದೆ ಎಂದೆ. ಅವನು, ಹೆಂಗಸರನ್ನು ಯಾರು ಎಂದಾದರೂ ಹಾಗೆ ಕೇಳಿದ್ದಾರೆ, ನೀನು ಓದಿ ಓದಿ ತಲೆ ಕೆಡಿಸಿಕೊಂಡಿದ್ದೀಯ ಎಂದು ಫೋನ್ ಕುಕ್ಕಿದ. ಈಗ ಅಕ್ಕನೂ ಮಾತಾಡುವುದಿಲ್ಲ, ತಮ್ಮನೂ ಮಾತಾಡುವುದಿಲ್ಲ. ಸಮಚಿತ್ತದ ಮೇಡಂಗೆ ಸಿಕ್ಕ ಬಹುಮಾನ ಇದು.

ಆಪಾ, ನಿನ್ನ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ನೀನು ಅಬ್ಬಾರನ್ನು ಬರೀ ಆ ಒಂದು ವರ್ಷದಿಂದ ಅಳೆಯುತ್ತೀಯ. ಮರದ ಡಿಪೋ ಮುಚ್ಚಿ ಆ ಜಾಗದಲ್ಲಿ ಶಾಲೆ ಕಟ್ಟಿದಾಗ ಮಸೀದಿಯ ಹಿರಿಯರೇ ಮಾತು ಬಿಟ್ಟಿದ್ದರು, ನೆನಪಿದೆಯೇ? ಮನೆ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಮಗಳನ್ನು ಕಳಿಸಿ ಎಂದು ಬೇಡಿದ ಮನುಷ್ಯ ಅವರು. ಇವತ್ತು ಆ ಶಾಲೆಯಲ್ಲಿ ಓದಿದವರು ನರ್ಸುಗಳಿದ್ದಾರೆ, ಟೀಚರುಗಳಿದ್ದಾರೆ, ಒಬ್ಬಳು ಹೊನ್ನಾಳಿ ಕೋರ್ಟಿನಲ್ಲಿ ವಕೀಲೆ. ಆ ತ್ಯಾಗ ನಂದು ಎಂದು ಗಟ್ಟಿಯಾಗಿ ಹೇಳುವ ನಾಲಗೆ ನಿನಗೆ ಎಲ್ಲಿ ಬಂತು? ಅದೇ ಶಾಲೆಯ ಬೆಂಚಿನ ಮೇಲೆ ಬಂತು. ಇದನ್ನು ನೀನು ಅಲ್ಲ ಎನ್ನಲಾರೆ. ವಿನಯ್ ಕುಮಾರ್ ಹೇಳಿದ್ದೂ ಇದನ್ನೇ.

ಹಾಗಂತ ನಿನಗಾದದ್ದು ಇದರಿಂದ ಸರಿಹೋಯಿತು ಎನ್ನುತ್ತಿಲ್ಲ. ಅಲ್ಲೇ ನನಗೆ ಸಿಕ್ಕಾಗುವುದು. ಶಾಲೆಯಲ್ಲಿ ಎಷ್ಟೇ ಹುಡುಗಿಯರು ಓದಲಿ, ನಿನ್ನ ಪಿಯುಸಿ ವಾಪಸ್ ಬರುವುದಿಲ್ಲ. ನಿನ್ನ ಪಿಯುಸಿ ಹೋಯಿತೆಂದು ಅವರ ಓದು ಸುಳ್ಳಾಗುವುದಿಲ್ಲ. ಜನ ಒಂದನ್ನು ಇನ್ನೊಂದರಿಂದ ಕಳೆದು ಉಳಿದದ್ದಕ್ಕೆ ಒಂದು ಹೆಸರು ಕೇಳುತ್ತಾರೆ, ಒಳ್ಳೆಯವನೋ ಕೆಟ್ಟವನೋ ಹೇಳು ಎನ್ನುತ್ತಾರೆ. ಖಲೀಲನಿಗೂ ಅದೇ ಬೇಕು, ಕಮಿಟಿಗೂ ಅದೇ. ನಿನಗೂ ಅದೇ ಬೇಕೇನೋ ಎಂದು ಭಯವಾಗುತ್ತದೆ. ನನ್ನ ಕೈಯಲ್ಲಿ ಆಗುತ್ತಿಲ್ಲ ಆಪಾ. ಕಳೆಯಲು ಹೋದರೆ ಎರಡೂ ಇದ್ದ ಹಾಗೇ ಇರುತ್ತವೆ.

ಇನ್ನೊಂದು ವಿಷಯ. ಅಬ್ಬಾರ ಬಗ್ಗೆ ತೀರ್ಪು ಕೊಡಲು ನನಗೆ ಯೋಗ್ಯತೆಯೇ ಇಲ್ಲ. ಅವರು ನನ್ನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ, ಬರೀ ಕೊಟ್ಟರು. ನಿನ್ನನ್ನು ನಿಲ್ಲಿಸಿದ ನೋವು ಅವರೊಳಗೆ ಇತ್ತೆಂದೇ ನನ್ನನ್ನು ಎಂ.ಎ.ವರೆಗೆ ಓದಿಸಿದರು ಎಂದು ನನಗೆ ಅನ್ನಿಸುತ್ತದೆ, ಅವರು ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳಿದ್ದರೆ ನಿನಗೆ ಹೇಳಬೇಕಿತ್ತು. ನಾನು ಅವರನ್ನು ಹೊಗಳಿದರೆ ಉಂಡ ಮನೆಯವಳ ಹೊಗಳಿಕೆ, ಕ್ಷಮಿಸಿದರೆ ನಿನ್ನ ಹಕ್ಕನ್ನು ನಾನು ಬಾಚಿಕೊಂಡ ಹಾಗೆ. ಜೆಫರ್ಸನ್‌ನ ವಿಷಯದಲ್ಲಿ ವೇದಿಕೆಯ ಮೇಲೆ ನಾನು ಮಾಡಿದ್ದೂ ಇದನ್ನೇ ಅಲ್ಲವೇ? ಅವನ ಒಳ್ಳೆಯ ಸಾಲಿನ ನೆರಳಲ್ಲಿ ಆರಾಮವಾಗಿ ಕೂತು ಓದಿದವಳು ನಾನು. ಆ ಹರಾಜಿನಲ್ಲಿ ಮಗುವನ್ನು ಕಳೆದುಕೊಂಡವಳ ಪರವಾಗಿ ನಾನು ಯಾರು ಬಿಟ್ಟುಬಿಡೋಣ ಎನ್ನಲು? ನಾಳೆ ಕ್ಲಾಸಿನಲ್ಲಿ ಪೂಜಾಳಿಗೆ ಈ ಮಾತು ಹೇಳಬೇಕು. ಸೇಬು ತೆಗೆದುಕೊಳ್ಳುತ್ತಾಳೋ ಇಲ್ಲವೋ.

ಒಕ್ಕಣೆಗೆ ಬರುತ್ತೇನೆ. ಜೆಫರ್ಸನ್ ತನ್ನ ಗೋರಿಯ ಕಲ್ಲಿಗೆ ಏನು ಬರೆಯಬೇಕೆಂದು ತಾನೇ ಬರೆದಿಟ್ಟು ಹೋಗಿದ್ದ. ಘೋಷಣೆ ಬರೆದದ್ದು, ಧರ್ಮ ಸ್ವಾತಂತ್ರ್ಯದ ಕಾನೂನು ಬರೆದದ್ದು, ವಿಶ್ವವಿದ್ಯಾಲಯ ಕಟ್ಟಿದ್ದು. ಅಷ್ಟೇ, ಇದರ ಮೇಲೆ ಒಂದಕ್ಷರ ಹೆಚ್ಚಿಗೆ ಬೇಡ ಎಂದಿದ್ದ. ದೇಶದ ಅಧ್ಯಕ್ಷನಾಗಿದ್ದನ್ನೂ ಹಾಕಿಸಿಕೊಳ್ಳಲಿಲ್ಲ. ಒಳ್ಳೆಯ ಪದ್ಧತಿ, ಹೊಗಳಿಕೆಯಿಲ್ಲ. ಆದರೆ ಆ ವಿಶ್ವವಿದ್ಯಾಲಯದ ಇಟ್ಟಿಗೆ ಹೊತ್ತವರಲ್ಲಿ ಗುಲಾಮರೂ ಇದ್ದರು, ಅವರು ಆ ಕಲ್ಲಿನ ಮೇಲೆ ಇಲ್ಲ. ತನ್ನ ಕಲ್ಲನ್ನು ತಾನೇ ಬರೆದುಕೊಂಡರೂ, ಮಕ್ಕಳು ಬರೆದರೂ, ಕಮಿಟಿ ಬರೆದರೂ ಬಿಟ್ಟುಹೋಗುವವರು ಅವರೇ. ಹಾಗಾಗಿ ಹರಿಕಾರ, ತ್ಯಾಗಮೂರ್ತಿ ಎರಡನ್ನೂ ಹೊಡೆದುಹಾಕಿದ್ದೇನೆ. ನನ್ನ ಬೆಳಕು ಕತ್ತಲೆಯ ನಾಲ್ಕು ಸಾಲನ್ನೂ ಹರಿದು ಒಲೆಗೆ ಹಾಕಿದೆ. ಈಗ ಬರೆದಿರುವುದು ಇಷ್ಟು:

ಶೌಕತ್ ಅಲಿ
ಈ ಶಾಲೆಯನ್ನು ಕಟ್ಟಿದರು.
ಇಲ್ಲಿ ಮೊದಲು ಹೆಸರು ಬರೆಸಿದ ಹುಡುಗಿ ಅವರ ಮಗಳು ಸುಮೇರಾ.
ತಾಲ್ಲೂಕಿಗೆ ಮೊದಲನೆಯವಳಾಗಿ ಪಾಸಾದಳು.
ಮುಂದೆ ಓದಲು ಅವಳನ್ನು ಕಳಿಸಲಿಲ್ಲ.

ಎಲ್ಲವೂ ನಿಜ. ಯಾವುದೂ ಇನ್ನೊಂದಕ್ಕೆ ಸಮಜಾಯಿಷಿ ಅಲ್ಲ. ಅಲ್ಲಿ ಓದುವ ಹುಡುಗಿಯರು ದಿನಾ ಬಾಗಿಲು ದಾಟುವಾಗ ನೋಡಲಿ, ಯಾಕೆ ಕಳಿಸಲಿಲ್ಲ ಎಂದು ಟೀಚರನ್ನು ಕೇಳಲಿ. ಕಮಿಟಿಯವರು ಕುಣಿದಾಡುತ್ತಾರೆ, ಗೊತ್ತು. ಖಲೀಲ್ ನನ್ನ ಮನೆಗೆ ಕಾಲಿಡುವುದಿಲ್ಲ, ಅದೂ ಗೊತ್ತು. ನೋಡಿಕೊಳ್ಳುತ್ತೇನೆ. ಆದರೆ ನಿನ್ನ ಹೆಸರನ್ನು ನಿನ್ನನ್ನು ಕೇಳದೆ ಕೆತ್ತಿಸುವುದಿಲ್ಲ. ಇದುವರೆಗೆ ನಿನ್ನ ವಿಷಯದಲ್ಲಿ ಎಲ್ಲರೂ ಎಲ್ಲವನ್ನೂ ನಿನ್ನನ್ನು ಕೇಳದೆಯೇ ಮಾಡಿದ್ದಾರೆ. ಬೇಡ ಎಂದರೆ ಬೇಡ, ಬರೀ ಹೆಸರು ಹಾಕಿಸಿ ಸುಮ್ಮನಾಗುತ್ತೇವೆ. ಒಂದು ಪದ ಬದಲಿಸು ಎಂದರೆ ಬದಲಿಸುತ್ತೇನೆ. ಅಬ್ಬಾರನ್ನು ಕ್ಷಮಿಸು ಎಂದು ಮಾತ್ರ ನಾನು ಕೇಳುವುದಿಲ್ಲ, ಅದು ನನ್ನ ಬಾಯಿಂದ ಬರಬೇಕಾದ ಮಾತಲ್ಲ.

ಫೋನ್ ಎತ್ತು, ಮಾರಾಯ್ತಿ. ಬೈಯುವುದಾದರೂ ಎತ್ತು. ಆಯಿಷಾಳಿಗೆ ಮುದ್ದು. ಭಾವನಿಗೆ ಸಲಾಂ.

ನೀನು ಅಕ್ಷರ ಕಲಿಸಿದ,
ಮೆಹರಾಜ್

ತಾ.ಕ.: ಶುಕ್ರವಾರ, ಸಂಜೆ. ಇದನ್ನು ಅಂಚೆಗೆ ಹಾಕಲಿಲ್ಲ. ಲಕೋಟೆ ತಿರುಗಿಸಿ ನೋಡು, ಸ್ಟಾಂಪೂ ಇಲ್ಲ. ಜುಮ್ಮಾ ನಮಾಜು ಮುಗಿಸಿಕೊಂಡು ಖಲೀಲ್ ಒಕ್ಕಣೆ ಎಲ್ಲಿ ಎಂದು ಬೈಕಿನಲ್ಲಿ ಬಂದ, ಮುಖ ಗಂಟಿಕ್ಕಿಕೊಂಡೇ. ಇದೇ ಕಾಗದವನ್ನು ಕೈಗೆ ಕೊಟ್ಟೆ. ಪೆದ್ದ ಎಂದದ್ದನ್ನೂ ಓದಿದ. ಜನಾಜಾದ ಭಾಗಕ್ಕೆ ಬಂದಾಗ ತಲೆಯೆತ್ತಿ, ಕಿಟಕಿ ಹತ್ತಿರ ಆಪಾ ಇದ್ದಳೇ, ಅವಳಿಗೆ ಕೇಳಿಸಿತೇ ಎಂದು ಕೇಳಿದ. ಪ್ರತಿಯೊಂದು ಮಾತೂ ಕೇಳಿಸಿತು ಎಂದೆ. ಕಾಗದವನ್ನು ಕೊನೆಯ ತನಕ ಓದಿದ. ಆಮೇಲೆ, ಮೈದಾನದಲ್ಲಿ ಹೇಗೆ ಕೇಳಬೇಕೆಂದು ಮೌಲಾನಾ ಹೇಳಿಕೊಟ್ಟಿದ್ದರು, ಒಳಗಿನವರನ್ನು ಹೇಗೆ ಕೇಳಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲವಲ್ಲ ಎಂದ. ಕಲಿತುಕೋ ಎಂದೆ. ನಾಳೆ ಬೆಳಿಗ್ಗೆ ಜಗಳೂರಿಗೆ ಹೊರಡುತ್ತಾನೆ. ಈ ಕಾಗದವನ್ನು ಭಾವನ ಕೈಯಲ್ಲಿ ಒಳಗೆ ಕಳಿಸಿ, ನೀನು ಓದಿ ಮುಗಿಸುವ ತನಕ ಹೊರಗೇ ನಿಲ್ಲುತ್ತೇನೆ ಎಂದಿದ್ದಾನೆ. ಅಂದರೆ ಈಗ ಬಾಗಿಲಾಚೆ ನಿಂತಿದ್ದಾನೆ ಆಪಾ. ಅವತ್ತು ಕೇಳಿದ್ದನ್ನೇ ನಿನ್ನೊಬ್ಬಳನ್ನು ಕೇಳುತ್ತಾನೆ. ಆಗುವುದಿಲ್ಲ ಎನ್ನಿಸಿದರೆ ಆಗುವುದಿಲ್ಲ ಎಂದೇ ಹೇಳು. ಅದನ್ನು ಕೇಳಿಸಿಕೊಂಡು ಬರಲೆಂದೇ ಕಳಿಸಿದ್ದೇನೆ. ತಿಂಡಿ ತಿಂದು ಹ್ಯಾಗೂ ಹೊರಟಿರುವುದಿಲ್ಲ, ಏನೇ ಹೇಳಿದರೂ ಆಮೇಲೆ ಅವನಿಗೊಂದು ತಟ್ಟೆ ಹಾಕು.